ಬಿಪಿ ಆರಾಮಾಯ್ತು ಅಂತ ಆ ಗುಳಿಗಿ ಒಮ್ಮೆಲೆ ಬಿಡಬ್ಯಾಡ್ರಿ

ಇಯರ್‌ಫೋನ್ ಹಾಕ್ಕೊಂಡು ಕೇಳ್ತಿರೋರು ಒಂದು ಕೆಲಸ ಮಾಡ್ರಿ. ಮನ್ಯಾಗ ಅಪ್ಪಾನೋ ಅವ್ವಾನೋ ಬಿಪಿಗೆ, ಹಾರ್ಟಿಗೆ ಅಂತ ತಗೊಳ್ಳೋ ಗುಳಿಗಿ ಹೆಸರು ಓದ್ರಿ. ಮೆಟೊಪ್ರೊಲಾಲ್, ಅಟೆನೊಲಾಲ್, ಬಿಸೊಪ್ರೊಲಾಲ್... ಕೊನೀಗೆ ‘ಲಾಲ್’ ಬಂತಾ? ಹಂಗಾದ್ರ ಅದು ಬೀಟಾ ಬ್ಲಾಕರ್. ಕಮಲಾಪುರದ ಕೆಂಪು ಬಾಳೆಹಣ್ಣಿಗೂ ಈ ಲಾಲ್‌ಗೂ ಸಂಬಂಧ ಇಲ್ಲ ಮತ್ತ!

ಸಿಟ್ಟು ಬಂದಾಗ, ಅಂಜಿದಾಗ, ಓಡಿದಾಗ ಮೈಯಾಗ ಅಡ್ರಿನಾಲಿನ್ ಹೆಚ್ಚಾಗ್ತದ. ಹೃದಯದ ಜೀವಕೋಶಗಳ ಮೇಲೆ ಅದಕ್ಕಂತನ ಸೀಟುಗಳಿವೆ, ಅವಕ್ಕ ಬೀಟಾ ರಿಸೆಪ್ಟರ್ ಅಂತಾರ. ಅಡ್ರಿನಾಲಿನ್ ಅಲ್ಲಿ ಬಂದು ಕೂತ್ರ ಎದಿ ಬಡಿತದ ವೇಗವೂ ಹೆಚ್ಚು, ಜೋರೂ ಹೆಚ್ಚು. ಕಲಬುರಗಿ ಬಸ್ ಸ್ಟ್ಯಾಂಡಿನಾಗ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತಾರಲ್ಲ, ಬೀಟಾ ಬ್ಲಾಕರ್ ಮಾಡೋದೂ ಅದನ್ನೇ. ಸೀಟು ಸಿಗದ ಅಡ್ರಿನಾಲಿನ್ ಸುಮ್ಮನೆ ನಿಂತಿರ್ತದ. ಹೃದಯ ನಿಧಾನ ಬಡೀತದ, ಅದಕ್ಕೆ ಬೇಕಾಗೋ ಆಮ್ಲಜನಕವೂ ಕಡಿಮೆ. ಕಿಡ್ನಿ ಬಿಡುಗಡೆ ಮಾಡೋ ರೆನಿನ್ ಕೂಡ ಇಳೀತದ. ರಕ್ತನಾಳ ಬಿಗಿಯಾಗೋದು, ಮೈಯಾಗ ಉಪ್ಪು–ನೀರು ನಿಲ್ಲೋದು ಈ ರೆನಿನ್‌ನಿಂದ ಶುರುವಾಗ್ತದ, ಹಿಂಗಾಗಿ ಬಿಪಿನೂ ಇಳೀತದ.

ಇಂಥ ಮೊದಲ ಯಶಸ್ವಿ ಔಷಧ ಪ್ರೊಪ್ರನೊಲಾಲ್, 1960ರ ದಶಕದ್ದು. ಅದನ್ನು ರೂಪಿಸಿದ ಜೇಮ್ಸ್ ಬ್ಲಾಕ್‌ಗೆ 1988ರಲ್ಲಿ ನೊಬೆಲ್ ಬಂತು. ಈಗ ಬರೀ ಬಿಪಿ ಇದ್ದವರಿಗೆ ಬಹಳಷ್ಟು ಡಾಕ್ಟರ್‌ಗಳು ಮೊದಲು ಬೇರೆ ಗುಳಿಗಿ ಕೊಡ್ತಾರೆ. ಹಾರ್ಟ್ ಅಟ್ಯಾಕ್ ಆದವರಿಗೆ, ಎದಿನೋವು ಇದ್ದವರಿಗೆ, ಹೃದಯ ದುರ್ಬಲ ಆದವರಿಗೆ ಬೀಟಾ ಬ್ಲಾಕರ್ ಮುಖ್ಯ.

ಈಗ ಅಸಲಿ ವಿಷಯ. ಕಮಲಾಪುರದ ಕಡೆ ಒಬ್ಬರ ಗುಳಿಗಿ ಮುಗೀತು ಅನ್ಕೋರಿ. ಕಲಬುರಗಿಯ ಜಯದೇವಕ್ಕೆ ಚೆಕಪ್‌ಗೆ ಹೋಗೋದು ಇನ್ನೂ ಹದಿನೈದು ದಿನ ಅದ. ‘ಈಗ ಆರಾಮ ಅದೀನಲ್ಲ, ಅಲ್ಲೀತನ ನಡೀತದ’ ಅಂತ ಬಿಡ್ತಾರ. ನಡೆಯಂಗಿಲ್ಲ ರೀ. ಸೀಟು ಸಾಲಂಗಿಲ್ಲ ಅಂತ ದೇಹ ಇಷ್ಟು ದಿನ ಹೆಚ್ಚುವರಿ ಸೀಟು ಹಾಕ್ಕೊಂಡಿರ್ತದ. ಟವೆಲ್ ಒಮ್ಮೆಲೆ ತೆಗೆದ್ರ ಹಳೇ ಸೀಟು, ಹೊಸ ಸೀಟು ಎಲ್ಲಾ ಅಡ್ರಿನಾಲಿನ್‌ಗೇ. ಎದಿ ದಬದಬ, ಬಿಪಿ ಏರಿಕೆ. ರಕ್ತನಾಳದಾಗ ಮೊದಲೇ ಬ್ಲಾಕ್ ಇದ್ದವರಿಗೆ ಹಾರ್ಟ್ ಅಟ್ಯಾಕೂ ಆಗಬಹುದು. ಬಿಡಲೇಬೇಕಾದ್ರ ಡಾಕ್ಟರ್ ಡೋಸ್ ಹಂತಹಂತವಾಗಿ ಇಳಿಸ್ತಾರೆ. ಅದಕ್ಕೇ ಒಂದು ವಾರದ ಗುಳಿಗಿ ಉಳಿದಾಗಲೇ ಹಳೇ ಚೀಟಿ ಹಿಡ್ಕೊಂಡು ಊರಿನ ಸರ್ಕಾರಿ ದವಾಖಾನಿಗೋ ಮೆಡಿಕಲ್‌ಗೋ ಹೋಗಿ ಬರ್ರಿ.

ಹಂಗಂತ ಪಕ್ಕದ ಮನಿಯವರ ಗುಳಿಗಿ ನುಂಗಬ್ಯಾಡ್ರಿ. ಅಸ್ತಮಾ ಇದ್ದವರಿಗೆ ಇದರಿಂದ ಉಸಿರು ಕಟ್ಟಬಹುದು. ಶುಗರ್ ಇದ್ದವರಿಗೆ ಇನ್ನೊಂದು ತೊಂದರೆ: ಶುಗರ್ ತೀರಾ ಇಳಿದಾಗ ಬರೋ ಎದಿಬಡಿತ, ನಡುಕ ಗೊತ್ತೇ ಆಗಂಗಿಲ್ಲ, ಬೆವರು ಮಾತ್ರ ಬರ್ತದ. ಮತ್ತ ನಿಮ್ಮ ಸ್ಮಾರ್ಟ್‌ವಾಚ್ ಅಪ್ಪನ ಕೈಗೆ ಕಟ್ಟಿ, ಬಡಿತ 58 ತೋರಿಸ್ತು ಅಂತ ಗಾಬರಿ ಆಗಬ್ಯಾಡ್ರಿ, ಈ ಗುಳಿಗಿಯ ಕೆಲಸಾನೇ ಅದು. 50ಕ್ಕಿಂತ ಕೆಳಗಿಳಿದ್ರ, ತಲಿ ತಿರುಗಿದ್ರ, ಕಣ್ಣು ಕತ್ತಲೆ ಬಂದ್ರ ಮಾತ್ರ ತಡ ಮಾಡದೆ ಡಾಕ್ಟರಿಗೆ ತೋರಿಸ್ರಿ.