ಮಟೌರಿ ಕೊಲ್ಲಿಯ ತಳದಲ್ಲಿ ರೇನ್‌ಬೋ ವಾರಿಯರ್

ಆಕ್ಲೆಂಡ್‌ನಿಂದ ಉತ್ತರಕ್ಕೆ ಕಾರಿನಲ್ಲಿ ಸುಮಾರು ನಾಲ್ಕು ತಾಸಿನ ಹಾದಿ. ಕೆರಿಕೆರಿ ದಾಟಿದ ಮೇಲೆ ಹುಲ್ಲುಗಾವಲುಗಳ ನಡುವೆ ಸುತ್ತಿ ಸುಳಿಯುವ ರಸ್ತೆ ಕೊನೆಗೆ ಕಡಿದಾದ ಗುಡ್ಡ ಇಳಿದು ಮಟೌರಿ ಕೊಲ್ಲಿಯ ಬಿಳಿ ಮರಳಿಗೆ ಬಂದು ನಿಲ್ಲುತ್ತದೆ. ಎದುರಿಗೆ ಕವಾಲಿ ದ್ವೀಪಗಳು. ಅವುಗಳಲ್ಲೊಂದಾದ ಮೊಟುಟಪೆರೆಯ ಮಗ್ಗುಲಲ್ಲಿ, ಸುಮಾರು 26 ಮೀಟರ್ ಆಳದಲ್ಲಿ, 40 ಮೀಟರ್ ಉದ್ದದ ಹಡಗೊಂದು ಮಲಗಿದೆ. ಬಿರುಗಾಳಿಗೆ ಸಿಕ್ಕಿ ಮುಳುಗಿದ್ದಲ್ಲ, ಬಂಡೆಗೆ ಬಡಿದದ್ದೂ ಅಲ್ಲ. ಒಂದು ಸರ್ಕಾರದ ಗೂಢಚಾರರು ಬಾಂಬಿಟ್ಟು ಕೆಡವಿದ ಹಡಗನ್ನು ಈ ಊರಿನ ಜನ ತಮ್ಮ ಕಡಲಲ್ಲಿ ಮಣ್ಣು ಮಾಡಲು ಒಪ್ಪಿ ಬರಮಾಡಿಕೊಂಡರು. ಗ್ರೀನ್‌ಪೀಸ್ ಸಂಘಟನೆಯ ರೇನ್‌ಬೋ ವಾರಿಯರ್ ಅದು.

1955ರಲ್ಲಿ ಸ್ಕಾಟ್ಲೆಂಡ್‌ನ ಅಬರ್ಡೀನ್‌ನಲ್ಲಿ ಮೀನುಗಾರಿಕೆಯ ಸಂಶೋಧನೆಗೆಂದು ಕಟ್ಟಿದ ಈ ಹಡಗಿಗೆ ಆಗ ಸರ್ ವಿಲಿಯಂ ಹಾರ್ಡಿ ಎಂಬ ಹೆಸರಿತ್ತು. 1978ರಲ್ಲಿ ಗ್ರೀನ್‌ಪೀಸ್‌ನ ಬಾವುಟ ಹಾರಿಸಿ ಹೊರಟಿತು. ಅದರ ಬಾಳಿನ ದೊಡ್ಡ ಕೆಲಸ ನಡೆದದ್ದು 1985ರ ಮೇ ತಿಂಗಳಲ್ಲಿ. 1954ರ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಕಿರಣ ಬೂದಿ ಬಿದ್ದಿದ್ದ ಮಾರ್ಷಲ್ ದ್ವೀಪಗಳ ರೊಂಗೆಲಾಪ್‌ನಿಂದ ಮುನ್ನೂರಕ್ಕೂ ಹೆಚ್ಚು ಜನರನ್ನು, ಅವರ ಮನೆಗಳ ಸಾಮಾನುಗಳ ಸಮೇತ, ಹಲವು ಸರದಿಗಳಲ್ಲಿ ಬೇರೊಂದು ದ್ವೀಪಕ್ಕೆ ಮುಟ್ಟಿಸಿತು. ಅಲ್ಲಿಂದ ಆಕ್ಲೆಂಡಿಗೆ ಬಂತು. ಮುಂದೆ ಹೋಗಬೇಕಿದ್ದದ್ದು ಫ್ರಾನ್ಸ್ ಅಣುಬಾಂಬ್ ಪರೀಕ್ಷಿಸುತ್ತಿದ್ದ ಮುರುರೋವಾ ಹವಳದ್ವೀಪಕ್ಕೆ.

ಹೋಗಲಾಗಲಿಲ್ಲ. ಜುಲೈ 10ರ ರಾತ್ರಿ, ನಡುರಾತ್ರಿಗೆ ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಮಾರ್ಸ್‌ಡೆನ್ ಧಕ್ಕೆಯಲ್ಲಿ ಕಟ್ಟಿದ್ದ ಹಡಗಿನಲ್ಲಿ ಮೊದಲ ಬಾಂಬ್ ಸಿಡಿಯಿತು. ಕೆಲವೇ ನಿಮಿಷಗಳಲ್ಲಿ ಇನ್ನೊಂದು. ಛಾಯಾಗ್ರಾಹಕ ಫರ್ನಾಂಡೊ ಪೆರೇರಾ ನೀರು ಪಾಲಾದರು. ಅವರಿಗಿನ್ನೂ 35 ವರ್ಷ. ಸೆಪ್ಟೆಂಬರ್ 22ರಂದು ಫ್ರಾನ್ಸಿನ ಪ್ರಧಾನಿ ಲೋರಾಂ ಫಾಬಿಯುಸ್, ಇದು ತಮ್ಮ ಗುಪ್ತಚರ ಸಂಸ್ಥೆಯ ಕೆಲಸವೇ ಎಂದು ಒಪ್ಪಿಕೊಂಡರು. ಅಷ್ಟರಲ್ಲಿ ರಕ್ಷಣಾ ಸಚಿವ ಶಾರ್ಲ್ ಎರ್ನು ರಾಜೀನಾಮೆ ಕೊಟ್ಟಾಗಿತ್ತು. ಸಿಕ್ಕಿಬಿದ್ದ ಇಬ್ಬರು ಏಜೆಂಟರಿಗೆ ಹತ್ತು ವರ್ಷಗಳ ಶಿಕ್ಷೆಯಾಯಿತು. ಅದನ್ನು ಅವರು ಪೂರ್ತಿ ಅನುಭವಿಸಲಿಲ್ಲ ಎಂಬ ನೋವು ನ್ಯೂಜಿಲೆಂಡಿಗರಲ್ಲಿ ಉಳಿದೇ ಹೋಯಿತು.

ಬಾಂಬ್ ಅಂಟಿಸಿದವರೂ ಡೈವರ್‌ಗಳೇ. ಈ ಹಡಗನ್ನು ನೋಡಲು ನೀರಿಗಿಳಿಯುವ ಪ್ರತಿಯೊಬ್ಬರಿಗೂ ಈ ಮಾತು ಗೊತ್ತಿರಬೇಕು ಎನ್ನುವುದು ನನ್ನ ಅನಿಸಿಕೆ. ಕತ್ತಲಲ್ಲಿ ರಬ್ಬರ್ ದೋಣಿಯಲ್ಲಿ ಬಂದು, ಸದ್ದಿಲ್ಲದೆ ಮುಳುಗಿ, ಹಡಗಿನ ಹೊಟ್ಟೆಯನ್ನು ಕೈಯಿಂದ ತಡವಿ, ಸ್ಫೋಟಕ ಕಟ್ಟಿ ಹೋದರು. ಆ ಸ್ಫೋಟಕಗಳು ದೇಶದೊಳಗೆ ಬಂದದ್ದು ಊವೆಯಾ ಎಂಬ ಹಾಯಿದೋಣಿಯಲ್ಲಿ. ಅದು ಮೊದಲು ಹೊಕ್ಕಿದ್ದು ಇದೇ ನಾರ್ತ್‌ಲ್ಯಾಂಡ್ ಕರಾವಳಿಯ ಪರೆಂಗರೆಂಗಾ ಅಳಿವೆಯನ್ನು. ಅಂದು ನೀರಿಗಿಳಿದಿದ್ದವರಲ್ಲೊಬ್ಬರಾದ ಜಾನ್-ಲುಕ್ ಕಿಸ್ಟರ್ 2015ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು, ಮೂವತ್ತು ವರ್ಷ ಕಳೆದ ಮೇಲೆ.

ಮೇಲೆತ್ತಿದ ಹಡಗು ರಿಪೇರಿಯಾಗುವ ಸ್ಥಿತಿಯಲ್ಲಿರಲಿಲ್ಲ. ಗುಜರಿಗೆ ಹಾಕಬಹುದಿತ್ತು. ಆದರೆ ಮಟೌರಿಯ ಮಾವೊರಿಗಳು, ನ್ಗಾತಿ ಕುರಾ ಬಳಗದವರು, ತಮ್ಮ ಕಡಲಲ್ಲಿ ಅದಕ್ಕೆ ಜಾಗ ಕೊಟ್ಟರು. 1987ರ ಡಿಸೆಂಬರ್ 12ರಂದು ಹಡಗು ಇಲ್ಲಿ ತಳ ಸೇರಿತು. ನ್ಯೂಜಿಲೆಂಡ್ ತನ್ನನ್ನು ಅಣ್ವಸ್ತ್ರಮುಕ್ತ ವಲಯವೆಂದು ಕಾನೂನು ಮಾಡಿಕೊಂಡದ್ದೂ ಅದೇ ವರ್ಷ. ಕೊಲ್ಲಿಯ ಮೇಲಿನ ಗುಡ್ಡದಲ್ಲಿ ಶಿಲ್ಪಿ ಕ್ರಿಸ್ ಬೂತ್ ಬಂಡೆಗಲ್ಲುಗಳ ಕಮಾನೊಂದನ್ನು ನಿಲ್ಲಿಸಿದ್ದಾರೆ. ಹಡಗಿನ ಪ್ರೊಪೆಲ್ಲರ್ ಅಲ್ಲಿದೆ. ನೀರಿಗಿಳಿಯಲಾರದವರು ಗುಡ್ಡ ಹತ್ತಿದರೂ ಸಾಕು. ಇಳಿಯುವವರೂ ಮೊದಲು ಹತ್ತಿ ಬರುವುದು ಒಳ್ಳೆಯದು.

ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವಿಂಗ್ ಕಲಿತ ಕನ್ನಡಿಗರಿಗೆ ಇಲ್ಲಿ ಮೊದಲು ತಟ್ಟುವುದು ಚಳಿ. ಬೇಸಿಗೆಯ ಕೊನೆಯಲ್ಲಿ, ಅಂದರೆ ಫೆಬ್ರುವರಿ–ಮಾರ್ಚ್‌ನಲ್ಲಿ, ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಚಳಿಗಾಲದಲ್ಲಿ 15ರ ಹತ್ತಿರ. ದಪ್ಪ ವೆಟ್‌ಸೂಟ್ ಇಲ್ಲದೆ ಆಗದು. ಇನ್ನೊಂದು ಆಳದ ಲೆಕ್ಕ. ಹೊಸದಾಗಿ ಕಲಿತವರ ಓಪನ್ ವಾಟರ್ ಸರ್ಟಿಫಿಕೇಟಿನ ಮಿತಿ 18 ಮೀಟರ್. ಹಡಗಿನ ತಳದವರೆಗೆ ಹೋಗಬೇಕಾದರೆ ಮುಂದಿನ ಹಂತದ ತರಬೇತಿ ಬೇಕು. ಆ ಆಳದಲ್ಲಿ ಒತ್ತಡ ಮೇಲಿನದಕ್ಕಿಂತ ಮೂರೂವರೆ ಪಟ್ಟು, ಸಿಲಿಂಡರಿನ ಗಾಳಿ ಖರ್ಚಾಗುವುದೂ ಅಷ್ಟೇ ಪಟ್ಟು ಬೇಗ. ತಳದಲ್ಲಿ ಅರ್ಧ ಗಂಟೆಯೂ ಸಿಗದು.

ಆದರೆ ಆ ಹೊತ್ತಿನಲ್ಲಿ ಕಾಣುವುದೇನು ಕಡಿಮೆಯಲ್ಲ. ನೀರು ಕೆಂಪು ಬಣ್ಣವನ್ನು ಮೊದಲು ನುಂಗುತ್ತದೆ. ಹಾಗಾಗಿ ಬರಿಗಣ್ಣಿಗೆ ಹಡಗು ಬೂದಿ ಬಣ್ಣದ ಗೋಡೆ. ಟಾರ್ಚ್ ಹಾಕಿ ನೋಡಿ: ಕಬ್ಬಿಣದ ತಗಡೆಲ್ಲ ಜ್ಯೂವೆಲ್ ಅನಿಮೊನಿಗಳಿಂದ ತುಂಬಿದೆ. ಬೆರಳುಗುರಿನಷ್ಟಗಲದ ಪುಟ್ಟ ಜೀವಿಗಳು. ಗುಲಾಬಿ, ನೇರಳೆ, ಕಿತ್ತಳೆ, ಹಸಿರು ತೇಪೆಗಳಾಗಿ ಒತ್ತೊತ್ತಾಗಿ ಹರಡಿ ಕೌದಿ ಹೊದಿಸಿದಂತಿವೆ. ಒಂದೇ ಜೀವಿ ತನ್ನನ್ನು ಸೀಳಿಕೊಂಡು ಎರಡಾಗುತ್ತ ಹೋಗುವುದರಿಂದ ಒಂದೊಂದು ತೇಪೆಗೂ ಒಂದೇ ಬಣ್ಣ. ಅವುಗಳ ಮೇಲೆ ಸ್ಪಾಂಜುಗಳು, ಸಂದುಗಳಲ್ಲಿ ಮೊರೆ ಹಾವುಮೀನುಗಳು, ಮರಳಿನಂಚಿನಲ್ಲಿ ಮೀಸೆ ಆಡಿಸುತ್ತ ಮೇಯುವ ಗೋಟ್‌ಫಿಶ್, ಸುತ್ತ ಸ್ನ್ಯಾಪರ್, ಜಾನ್ ಡೋರಿ. ಬಂಡೆಯಿಲ್ಲದ ಮರಳುತಳದಲ್ಲಿ ಹಿಡಿದುಕೊಳ್ಳಲು ಗಟ್ಟಿ ನೆಲೆ ಸಿಕ್ಕಿದ್ದೇ ಈ ಸಮೃದ್ಧಿಗೆಲ್ಲ ಕಾರಣ.

ಇದು ಹೀಗೇ ಉಳಿಯುವುದಿಲ್ಲ. ಉಪ್ಪುನೀರು ಕಬ್ಬಿಣವನ್ನು ತಿನ್ನುತ್ತಿದೆ, ಬಿರುಗಾಳಿಯ ಅಲೆಗಳು ಮೇಲ್ಭಾಗವನ್ನು ಕುಸಿಸಿವೆ. ಒಳಗೆ ನುಗ್ಗುವ ಹುಚ್ಚು ಯಾರಿಗೂ ಬೇಡ. ನೆನಪಿಗೆಂದು ಒಂದು ಚೂರನ್ನೂ ಎತ್ತಿಕೊಂಡು ಬರಬಾರದು. ಈ ಹಡಗಿನಲ್ಲಿ ಒಬ್ಬರು ಜೀವ ತೆತ್ತಿದ್ದಾರೆ. 2022ರ ಜೂನ್‌ನಲ್ಲಿ ಉಳ್ಳಾಲದ ಬಳಿ ಪ್ರಿನ್ಸೆಸ್ ಮಿರಾಲ್ ಎಂಬ ಹಡಗು ಮುಳುಗಿದಾಗ ನಮ್ಮ ಕರಾವಳಿ ಎಣ್ಣೆ ಸೋರೀತೆಂದು ದಿನಗಟ್ಟಲೆ ಹೆದರಿತ್ತು. ಮುಳುಗಿದ ಹಡಗು ಎಂದರೆ ನಮಗೆ ಆತಂಕ. ಯೋಚಿಸಿ, ಜಾಗ ಆರಿಸಿ, ಅಲ್ಲಿನವರನ್ನು ಕೇಳಿ ಇಳಿಸಿದ ಹಡಗು ಬೇರೆಯೇ.

ಎರಡು ದಿನ ಇರುವವರು ದಕ್ಷಿಣಕ್ಕೆ, ಬೇ ಆಫ್ ಐಲೆಂಡ್ಸ್‌ನ ಡೀಪ್ ವಾಟರ್ ಕೋವ್‌ಗೂ ಹೋಗಬೇಕು. ಅಲ್ಲಿ 2007ರ ನವೆಂಬರ್‌ನಲ್ಲಿ ಇಳಿಸಿದ ನೌಕಾಪಡೆಯ ಹಡಗು ಕ್ಯಾಂಟರ್‌ಬರಿ ಇದೆ. ತಳ ಸುಮಾರು 38 ಮೀಟರ್ ಆಳವಿದ್ದರೂ ಮೇಲಿನ ಭಾಗಗಳು ಹೊಸಬರಿಗೂ ಎಟುಕುತ್ತವೆ. ಸ್ಥಳೀಯ ಮಾವೊರಿ ಬಳಗಗಳ ಒತ್ತಾಯದಿಂದ 2010ರಿಂದ ಆ ಕೊಲ್ಲಿಯಲ್ಲಿ, ಕಿನಾ ಎಂಬ ಮುಳ್ಳುಚೆಂಡಿನಂಥ ಕಡಲಜೀವಿಯೊಂದನ್ನು ಬಿಟ್ಟು, ಮೀನುಗಾರಿಕೆ ನಿಂತಿದೆ. ಮೀನು ದಂಡಿಯಾಗಿ ಕಾಣುತ್ತದೆ. 1973ರಲ್ಲಿ ನ್ಯೂಜಿಲೆಂಡ್ ಸರ್ಕಾರ ಅಣುಪರೀಕ್ಷೆಯನ್ನು ಪ್ರತಿಭಟಿಸಲು ಒಟಾಗೊ ಹಡಗಿನ ಬೆನ್ನಿಗೆ ಮುರುರೋವಾಕ್ಕೆ ಕಳಿಸಿದ್ದು ಇದೇ ಕ್ಯಾಂಟರ್‌ಬರಿಯನ್ನು. ಫ್ರಾನ್ಸ್ ಅಲ್ಲಿ ಪರೀಕ್ಷೆಗಳನ್ನು ಪೂರ್ತಿ ಕೈಬಿಟ್ಟದ್ದು 1996ರಲ್ಲಿ.