ಎಲೆಯ ತುದಿಯಿಂದ ಗಲ್ಲಾದವರೆಗೆ

ತಿರುವನಂತಪುರದ ತಂಬಾನೂರಿನಲ್ಲಿ ರೈಲು ನಿಲ್ದಾಣ, ಬಸ್ ನಿಲ್ದಾಣ ಎರಡೂ ಎದುರುಬದುರು. ಓಣಂ ಹೊತ್ತಿನ ಮಧ್ಯಾಹ್ನ ಅಲ್ಲಿನ ಸಸ್ಯಾಹಾರಿ ಹೋಟೆಲುಗಳಿಗೆ ಹೋದರೆ ಕುರ್ಚಿಯ ಬೆನ್ನ ಹಿಂದೆಯೇ ಮುಂದಿನ ಗಿರಾಕಿ ಕಾಯುತ್ತಿರುತ್ತಾನೆ. ಎಲೆ ಹಾಸಿ ನೀರು ಚಿಮುಕಿಸಿದ ಕೂಡಲೇ ಅದರ ಎಡತುದಿಗೆ ನಾಲ್ಕು ಚೂರು ಹಳದಿ ಉಪ್ಪೇರಿ, ಅಂದರೆ ನೇಂದ್ರಕಾಯಿಯ ಚಿಪ್ಸ್, ಬೀಳುತ್ತದೆ. ಪಕ್ಕದಲ್ಲಿ ಬೆಲ್ಲದ ಪುಡಿ ಮೆತ್ತಿದ ಒಂದೆರಡು ಶರ್ಕರ ವರಟ್ಟಿ. ಪಲ್ಯ, ಅವಿಯಲ್, ಅನ್ನ ಬರುವ ತನಕ ಹಸಿದ ಕೈ ಸುಮ್ಮನಿರುವುದಿಲ್ಲ. ಅನ್ನದ ಬಟ್ಟಲು ಬರುವಷ್ಟರಲ್ಲಿ ಎಡತುದಿ ಖಾಲಿ. ಇನ್ನೆರಡು ಚೂರು ಇದ್ದಿದ್ದರೆ ಎಂಬ ಆಸೆ ಊಟ ಮುಗಿದರೂ ನಾಲಗೆಯಲ್ಲಿ ಉಳಿದಿರುತ್ತದೆ.

ಆ ಆಸೆಗೆ ಉತ್ತರ ಗಲ್ಲಾದ ಪಕ್ಕದಲ್ಲೇ ನೇತಾಡುತ್ತದೆ. ಕೈ ತೊಳೆದು, ಬಿಲ್ಲು ಹಿಡಿದು ನಿಂತವನ ಕಣ್ಣಿನ ಮಟ್ಟದಲ್ಲಿ ಉಪ್ಪೇರಿಯ ಪೊಟ್ಟಣಗಳ ಸಾಲು. ಕೆಳಗಿನ ಹಲಗೆಯಲ್ಲಿ ಶರ್ಕರ ವರಟ್ಟಿ, ಮರಗೆಣಸಿನ ಚಿಪ್ಸ್, ಹಲಸಿನ ಚಿಪ್ಸ್, ಮುರುಕ್ಕು. ಚಿಲ್ಲರೆ ಎಣಿಸುವಷ್ಟರಲ್ಲಿ ಒಂದು ಪೊಟ್ಟಣ ಬಿಲ್ಲಿಗೆ ಸೇರಿತು. ಊಟದ ಹೊತ್ತಿನಲ್ಲಿ ಹೋಟೆಲಿನವನು ಕುರ್ಚಿ ಹೆಚ್ಚಿಸಲಾರ, ಒಲೆ ಹೆಚ್ಚಿಸಲಾರ, ಅವಸರಪಡಿಸಿ ಗಿರಾಕಿಯನ್ನು ಎಬ್ಬಿಸಲೂ ಆಗದು. ಈ ಪೊಟ್ಟಣಕ್ಕೆ ಕುರ್ಚಿಯೂ ಬೇಡ, ಅಡುಗೆಭಟ್ಟನೂ ಬೇಡ, ತಟ್ಟೆ ತೊಳೆಯುವ ಕೆಲಸವೂ ಇಲ್ಲ. ಒಬ್ಬೊಬ್ಬರ ಬಿಲ್ಲಿನಲ್ಲಿ ಬೆಳೆಯುವ ಸಣ್ಣ ಮೊತ್ತ ಸಂಜೆಯ ಲೆಕ್ಕದಲ್ಲಿ ದೊಡ್ಡದಾಗಿ ಕಾಣುತ್ತದೆ.

ಈ ಪೊಟ್ಟಣದ ಹಿಂದಿನ ಶ್ರಮ ನೋಡಬೇಕಾದರೆ ತಿರುವನಂತಪುರದ ಚಾಲ ಬಜಾರಿಗೆ ಹೋಗಬೇಕು. ಹದಿನೆಂಟನೇ ಶತಮಾನದಲ್ಲಿ ತಿರುವಾಂಕೂರಿನ ದಿವಾನ ರಾಜಾ ಕೇಶವದಾಸ ಕಟ್ಟಿಸಿದ ಪೇಟೆಯಿದು. ಇಂಥ ಪೇಟೆಬೀದಿಯ ಚಿಪ್ಸ್ ಅಂಗಡಿಯ ಮುಂದೆ ದೊಡ್ಡ ಬಾಣಲೆ, ಅದರಲ್ಲಿ ಕಾದ ತೆಂಗಿನೆಣ್ಣೆ. ಸಿಪ್ಪೆ ಸುಲಿದು ಅರಿಸಿನದ ನೀರಿನಲ್ಲಿ ನೆನೆಸಿದ ನೇಂದ್ರಕಾಯಿಯನ್ನು ಸ್ಲೈಸರಿನಿಂದ ನೇರ ಎಣ್ಣೆಗೇ ಹೆರೆಯುತ್ತಾರೆ. ಬಿಲ್ಲೆಗಳು ಗಟ್ಟಿಯಾಗುವ ಹೊತ್ತಿಗೆ ಒಂದು ಸೌಟು ಉಪ್ಪುನೀರು ಸುರಿದರೆ ಬಾಣಲೆ ಚಟಪಟ ಸಿಡಿದು, ಬುರುಗು ಏರಿ, ಇಳಿಯುತ್ತದೆ. ಸದ್ದು ತಗ್ಗಿದಾಗ ಬಿಲ್ಲೆ ಗರಿಗರಿ. ಶರ್ಕರ ವರಟ್ಟಿಗೆ ದಪ್ಪ ತುಂಡು, ಸಣ್ಣ ಉರಿ, ಆಮೇಲೆ ಬೆಲ್ಲದ ಪಾಕ, ಒಣಶುಂಠಿ, ಜೀರಿಗೆ.

ಕೊಚ್ಚಿಯ ಗಲ್ಲಾದ ನೋಟ ಬೇರೆ. ಎರ್ನಾಕುಲಂನ ಎಂ.ಜಿ. ರಸ್ತೆಯಲ್ಲಿ ಸಂಜೆ ನಾಲ್ಕರ ಚಹಾಕ್ಕೆ ಬರುವವರು ಕಚೇರಿಯವರು, ಮೆಟ್ರೊ ಹಿಡಿಯುವವರು. ಬಿಸಿ ಪಳಂಪೊರಿ (ಬಾಳೆಹಣ್ಣಿನ ಬಜ್ಜಿ) ಅಲ್ಲೇ ತಿಂದು, ಮನೆಯ ಮಕ್ಕಳಿಗೆಂದು ಸಣ್ಣ ಪೊಟ್ಟಣ ಒಯ್ಯುತ್ತಾರೆ. ಇಲ್ಲಿ ಚಿಪ್ಸ್ ಜೊತೆಗೆ ಸಿರಿಯನ್ ಕ್ರೈಸ್ತರ ಮನೆಗಳಿಂದ ಬಂದ ಅಚ್ಚಪ್ಪಂ, ಕುಳಲಪ್ಪಂ ಕೂಡ ಇರುತ್ತವೆ. ಹೂವಿನಾಕಾರದ ಅಚ್ಚಪ್ಪಂ ಕಂಡ ಮಂಗಳೂರಿನವರಿಗೆ ಕ್ರಿಸ್‌ಮಸ್ ಕುಸ್ವಾರ್ ತಟ್ಟೆ ನೆನಪಾಗದೆ ಇರದು.

ವೃಶ್ಚಿಕ ಮಾಸ ಹುಟ್ಟಿದರೆ ಎರಡೂ ಊರುಗಳಲ್ಲಿ ಕನ್ನಡ ಕೇಳಿಸತೊಡಗುತ್ತದೆ. ಶಬರಿಮಲೆ ಇಳಿದ ಕರ್ನಾಟಕದ ತಂಡಗಳು ಪದ್ಮನಾಭನ ದರ್ಶನಕ್ಕೆ, ಮುಂದೆ ಕನ್ಯಾಕುಮಾರಿಗೆ ಹೊರಡುವ ದಿನಗಳವು. ಗಲ್ಲಾದವನಿಗೂ ಅಷ್ಟು ಕನ್ನಡ ಬರುತ್ತದೆ: “ಸ್ವಾಮಿ, ಚಿಪ್ಸ್ ಬೇಕಾ? ತೆಂಗಿನೆಣ್ಣೆದು.” ಗುರುಸ್ವಾಮಿ ಪೊಟ್ಟಣ ತಿರುಗಿಸಿ ತಾರೀಖು ನೋಡುತ್ತಾರೆ; ಆಮೇಲೆ ತಂಡದವರೆಲ್ಲ ಮನೆಮನೆಗೆ ಲೆಕ್ಕ ಹಾಕಿ ಕೊಳ್ಳುತ್ತಾರೆ. ಪ್ರಸಾದದ ಅರವಣ ಡಬ್ಬಿಯ ಜೊತೆ ಆ ಪೊಟ್ಟಣಗಳೂ ಊರು ಸೇರುತ್ತವೆ.

ಹೋಟೆಲಿನ ರುಚಿ ಪೊಟ್ಟಣಕ್ಕಿಳಿದ ಕಥೆ ನಮಗೂ ಹೊಸದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಂಟಿಆರ್ (ಮಾವಳ್ಳಿ ಟಿಫಿನ್ ರೂಮ್ಸ್), ತುರ್ತು ಪರಿಸ್ಥಿತಿಯ ಕಾಲದಲ್ಲಿ ಸರ್ಕಾರ ಹೋಟೆಲ್ ತಿಂಡಿಯ ದರ ತೀರಾ ಇಳಿಸಿದಾಗ ನಷ್ಟಕ್ಕೆ ಬಿದ್ದು, ಪೊಟ್ಟಣದ ವ್ಯಾಪಾರದ ಕಡೆ ತಿರುಗಿತು. 2007ರಲ್ಲಿ ಅದರ ಪೊಟ್ಟಣದ ಉದ್ಯಮವನ್ನು ಕೊಂಡ ನಾರ್ವೆಯ ಓರ್ಕ್ಲಾ ಕಂಪನಿ, 2021ರಲ್ಲಿ ಕೊಚ್ಚಿಯ ಈಸ್ಟರ್ನ್ ಮಸಾಲೆ ಕಂಪನಿಯ ಬಹುಪಾಲನ್ನೂ ತನ್ನದಾಗಿಸಿಕೊಂಡಿತು. ಮಾವಳ್ಳಿಯ ಅಡುಗೆಮನೆಯ ಹೆಸರು, ಕೇರಳದ ಮಸಾಲೆಯ ಹೆಸರು ಇಂದು ಒಂದೇ ಮನೆಯಲ್ಲಿವೆ.

ಈ ವ್ಯಾಪಾರಕ್ಕೆ ತೆರಿಗೆಯೂ ಈಗ ಅನುಕೂಲಕರ: ಪೊಟ್ಟಣದ ಕುರುಕಲು ತಿಂಡಿಯ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರ ಬದಲು ಶೇ 5. ಆದರೆ ಕೇರಳದ ಹವೆ ಕ್ಷಮಿಸುವುದಿಲ್ಲ. ಸೀಲು ಸಡಿಲವಾದರೆ ಕಡಲ ಗಾಳಿಯ ತೇವ ಒಳನುಗ್ಗಿ ಉಪ್ಪೇರಿ ಮೆತ್ತಗಾಗುತ್ತದೆ. ಹಳೆಯದಾದರೆ ಎಣ್ಣೆ ಕಮಟುತ್ತದೆ. 2025ರ ಮಧ್ಯದಲ್ಲಿ ಕೇರಳದಲ್ಲಿ ತೆಂಗಿನೆಣ್ಣೆ ಲೀಟರಿಗೆ 400 ರೂಪಾಯಿ ದಾಟಿದಾಗ ಅಗ್ಗದ ಎಣ್ಣೆಯತ್ತ ಕೈ ಚಾಚುವ ಆಸೆ ಯಾರಿಗೂ ಸಹಜವೇ. ಪೊಟ್ಟಣದ ಮೇಲಿನ ಸಣ್ಣಕ್ಷರಗಳಿಗೆ ಬೆಲೆ ಬರುವುದು ಇಲ್ಲೇ. ಬಳಸಿದ ಎಣ್ಣೆ, ನಿವ್ವಳ ತೂಕ, ತಯಾರಾದ ದಿನ, ಗರಿಷ್ಠ ಬೆಲೆ, ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ: ಇಷ್ಟೂ ಕಾನೂನು ಕೇಳುವ ಮಾತುಗಳು. ಗಿರಾಕಿಯ ನಂಬಿಕೆ ಕೇಳುವುದೂ ಇವನ್ನೇ.

ಬಡಿಸಿದ ಊಟದಲ್ಲಿ ಉಪ್ಪು ಹೆಚ್ಚಾದರೆ ಗಿರಾಕಿ ಅಲ್ಲೇ ಹೇಳುತ್ತಾನೆ, ಹೋಟೆಲಿನವನು ಬದಲಿಸಿ ಕೊಡುತ್ತಾನೆ. ಪೊಟ್ಟಣ ಬಿಚ್ಚುವುದು ನೂರಾರು ಮೈಲಿಯಾಚೆ, ಮೈಸೂರಿನಲ್ಲೋ ದಾವಣಗೆರೆಯಲ್ಲೋ. ಅಲ್ಲಿ ಕಮಟು ಬಂದರೆ ಕೆಡುವುದು ಒಂದು ಪೊಟ್ಟಣ ಮಾತ್ರವಲ್ಲ. ಆ ಹೋಟೆಲಿನಲ್ಲಿ ಉಂಡ ಒಳ್ಳೆಯ ಊಟದ ನೆನಪೂ ಕೆಡುತ್ತದೆ. ಹಾಗಾಗಿ ಗಲ್ಲಾದ ವ್ಯಾಪಾರ ಬೆಳೆಯಬೇಕೆನ್ನುವವನಿಗೆ ಒಂದು ನಿಯಮ ಸಾಕು: ತನ್ನ ಎಲೆಯ ತುದಿಗೆ ಬಡಿಸಲು ಮನಸ್ಸು ಒಪ್ಪದ ತಿಂಡಿಯನ್ನು ಗಲ್ಲಾದಲ್ಲಿ ತೂಗುಹಾಕಬಾರದು.