ಯಂತ್ರ ನಮ್ಮದು, ಕೀಲಿಕೈ ಯಾರದು?

ಮುಕ್ತ ತಂತ್ರಾಂಶ ಚಳವಳಿಯ ಬೀಜ ಒಂದು ಪ್ರಿಂಟರಿನೊಳಗಿತ್ತೆಂದರೆ ಅತಿಶಯೋಕ್ತಿಯಲ್ಲ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯವೊಂದಕ್ಕೆ ಝೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂದಿತ್ತು. ಕಾಗದ ಸಿಕ್ಕಿಕೊಂಡಾಗ ಬಳಕೆದಾರರಿಗೆ ಸುದ್ದಿ ಮುಟ್ಟಿಸುವ ಸಣ್ಣ ಅನುಕೂಲವನ್ನು ಅದಕ್ಕೆ ಜೋಡಿಸಲು ರಿಚರ್ಡ್ ಸ್ಟಾಲ್‌ಮನ್ ಬಯಸಿದರು. ಹಳೆಯ ಪ್ರಿಂಟರಿಗೆ ಅವರೇ ಅದನ್ನು ಮಾಡಿಕೊಟ್ಟಿದ್ದರು. ಹೊಸದರ ಸೋರ್ಸ್ ಕೋಡ್ ಮಾತ್ರ ಅವರಿಗೆ ದಕ್ಕಲಿಲ್ಲ. ಗೋಪ್ಯತೆಯ ಒಪ್ಪಂದ ಅಡ್ಡ ಬಂದಿತು. 1983ರಲ್ಲಿ ಅವರು ಗ್ನೂ ಯೋಜನೆಯನ್ನು ಘೋಷಿಸಿದ್ದರ ಹಿಂದೆ ಈ ಕಹಿಯೂ ಇತ್ತು.

1991ರಲ್ಲಿ ಲೈನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಇಂದು ಆಂಡ್ರಾಯ್ಡ್ ಫೋನಿನಿಂದ ಸೂಪರ್‌ಕಂಪ್ಯೂಟರಿನವರೆಗೆ ಹಬ್ಬಿದೆ. ಆದರೂ ಆ ಹಳೆಯ ಜಗಳ ಮುಗಿದಿಲ್ಲ. ಅದರ ಇಂದಿನ ಕಣ, ಡ್ರೈವರ್ ಎಂಬ ಪುಟ್ಟ ತಂತ್ರಾಂಶ.

ಡ್ರೈವರ್ ಒಬ್ಬ ದುಭಾಷಿಯಿದ್ದಂತೆ. ‘ಈ ಪುಟವನ್ನು ಮುದ್ರಿಸು’ ಎಂಬ ಆಜ್ಞೆಯನ್ನು ಅದು ಪ್ರಿಂಟರಿಗೆ ಅರ್ಥವಾಗುವ ಭಾಷೆಗೆ ತಿರುಗಿಸುತ್ತದೆ. ತಯಾರಕರು ಆ ಭಾಷೆಯ ವ್ಯಾಕರಣವನ್ನು ಪ್ರಕಟಿಸಿದರೆ ಬಲ್ಲವರು ಯಾರು ಬೇಕಾದರೂ ಡ್ರೈವರ್ ಬರೆಯಬಹುದು. ಲಿನಕ್ಸ್‌ನ ಒಳರಚನೆ ಆಗಾಗ ಬದಲಾಗುತ್ತಿರುತ್ತದೆ. ಅದರೊಳಗೇ ಸೇರಿದ ಮುಕ್ತ ಡ್ರೈವರುಗಳನ್ನು ಬದಲಾವಣೆ ಮಾಡಿದವರೇ ತಿದ್ದುತ್ತಾರೆ. ಮುಚ್ಚಿದ ಡ್ರೈವರನ್ನು ತಿದ್ದಬಲ್ಲವರು ಅದನ್ನು ಮಾಡಿದವರು ಮಾತ್ರ. ಅವರು ಕೈಬಿಟ್ಟ ದಿನದಿಂದ ಉಪಕರಣದ ಆಯುಷ್ಯ ಕ್ಷೀಣಿಸತೊಡಗುತ್ತದೆ. ನಾನೇ ಒಂದು ಸ್ಕ್ಯಾನರನ್ನು ಹೀಗೆ ಗುಜರಿಗೆ ಹಾಕಿದ್ದೇನೆ. ಅದರ ಗಾಜು, ದೀಪ, ಮೋಟಾರು ಎಲ್ಲವೂ ಸರಿಯಾಗಿದ್ದವು. ಹೊಸ ಕಂಪ್ಯೂಟರಿಗೆ ಹೊಂದುವ ಡ್ರೈವರ್ ಮಾತ್ರ ಇರಲಿಲ್ಲ.

ತಯಾರಕರ ವಾದವನ್ನು ತಳ್ಳಿಹಾಕುವಂತಿಲ್ಲ. ಪ್ರತಿಸ್ಪರ್ಧಿಗಳ ಭಯ, ಪೇಟೆಂಟ್ ವ್ಯಾಜ್ಯಗಳ ಆತಂಕ, ಬೇರೆಯವರಿಂದ ಪರವಾನಗಿ ಪಡೆದ ಕೋಡ್ ಇವೆಲ್ಲ ನಿಜವಾದ ತೊಡಕುಗಳೇ. ಆದರೆ ಎಎಂಡಿ 2007ರಿಂದ ತನ್ನ ಗ್ರಾಫಿಕ್ಸ್ ಚಿಪ್‌ಗಳ ವಿವರಗಳನ್ನು ಪ್ರಕಟಿಸತೊಡಗಿತು. 2010ರಲ್ಲಿ ಬ್ರಾಡ್‌ಕಾಮ್ ತನ್ನ ಕೆಲವು ವೈಫೈ ಚಿಪ್‌ಗಳಿಗೆ ಮುಕ್ತ ಡ್ರೈವರ್ ನೀಡಿತು. 2012ರಲ್ಲಿ ಫಿನ್ಲೆಂಡಿನ ವೇದಿಕೆಯೊಂದರಲ್ಲಿ ಟೊರ್ವಾಲ್ಡ್ಸ್ ಅವರಿಂದ ಬೈಸಿಕೊಂಡ ಎನ್ವಿಡಿಯಾ ಕೂಡ 2022ರಲ್ಲಿ ತನ್ನ ಡ್ರೈವರಿನ ಕರ್ನೆಲ್ ಭಾಗವನ್ನು ತೆರೆದಿಟ್ಟಿತು. ಇದರಿಂದ ಇವುಗಳ ವ್ಯಾಪಾರವೇನೂ ಮುಳುಗಲಿಲ್ಲ.

ಹಾಗೆಂದು ಗುಟ್ಟೆಲ್ಲ ರಟ್ಟಾಯಿತೆಂದಲ್ಲ. ಅದರ ಬಹುಪಾಲು ಈಗ ಚಿಪ್ಪಿನೊಳಗೆ ಓಡುವ ಫರ್ಮ್‌ವೇರ್‌ಗೆ ಇಳಿದಿದೆ. ಮುಕ್ತ ತಂತ್ರಾಂಶಕ್ಕೆ ನಿಷ್ಠವಾದ ಡೆಬಿಯನ್ ಬಳಗ 2022ರಲ್ಲಿ ಮತ ಹಾಕಿ, ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಅನುಸ್ಥಾಪನಾ ಮಾಧ್ಯಮದಲ್ಲಿ ಸೇರಿಸಲು ಒಪ್ಪಿತು. ಇದನ್ನು ಶರಣಾಗತಿಯೆಂದು ನಾನು ಹಳಿಯಲಾರೆ. ವೈಫೈಯೇ ಸಿಗದಿದ್ದರೆ ಹೊಸಬರು ಮೊದಲ ದಿನವೇ ಬೆನ್ನು ತಿರುಗಿಸುತ್ತಾರೆ.

ಈ ಪ್ರಶ್ನೆ ಕೇವಲ ತಂತ್ರಜ್ಞರದಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಬೇಕಾದ ಯಂತ್ರಾಂಶವಿಲ್ಲದ, ಆದರೆ ಸುಸ್ಥಿತಿಯಲ್ಲಿರುವ ಕಂಪ್ಯೂಟರುಗಳು ಮನೆ, ಶಾಲೆ, ಕಚೇರಿಗಳಲ್ಲಿವೆ. ಲಿನಕ್ಸ್ ಅವುಗಳಿಗೆ ಮರುಜೀವ ಕೊಡಬಲ್ಲದು. ಆದರೆ ಅವುಗಳಿಗೆ ಜೋಡಿಸಿದ ಪ್ರಿಂಟರ್, ಸ್ಕ್ಯಾನರುಗಳಿಗೆ ಡ್ರೈವರ್ ಇರಬೇಕಷ್ಟೆ.

ಕೇಂದ್ರ ಸರ್ಕಾರ 2015ರಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಪ್ರಕಟಿಸಿತು. ಡೆಬಿಯನ್ ಆಧಾರಿತ ‘ಬಾಸ್’ ವ್ಯವಸ್ಥೆಯನ್ನು ಸಿ-ಡ್ಯಾಕ್ ರೂಪಿಸಿದೆ. ಇದೇ ತತ್ವ ಯಂತ್ರಾಂಶಕ್ಕೂ ವಿಸ್ತರಿಸಬೇಕೆಂಬುದು ನನ್ನ ಒತ್ತಾಯ. ಸಾರ್ವಜನಿಕ ಹಣದಲ್ಲಿ ಕೊಳ್ಳುವ ಪ್ರತಿ ಉಪಕರಣಕ್ಕೂ ಮುಕ್ತ ಡ್ರೈವರ್ ಇರಬೇಕು. ಇಲ್ಲವೇ ಡ್ರೈವರ್ ಬರೆಯಲು ಸಾಲುವ ವಿವರಗಳು ಪ್ರಕಟವಾಗಿರಬೇಕು ಎಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಬಹುದು. ಸರ್ಕಾರದಂಥ ದೊಡ್ಡ ಗಿರಾಕಿ ಕೇಳಿದರೆ ತಯಾರಕರು ಕಿವಿಗೊಡದೆ ಇರಲಾರರು. ಅಂಗಡಿಯಲ್ಲಿ ಬೆಲೆ, ವಾರಂಟಿ ವಿಚಾರಿಸುವ ನಾವೂ ‘ಲಿನಕ್ಸ್‌ನಲ್ಲಿ ನಡೆಯುತ್ತದೆಯೇ?’ ಎಂದು ಕೇಳುವುದನ್ನು ರೂಢಿಸಿಕೊಳ್ಳಬೇಕು.